ಅವರು ಊರು ಬಿಟ್ಟದ್ದು ಯಾಕೆ

ಗೆಳೆಯ ಏಕಾಂತ,

ಹೊಸಹಳ್ಳಿ ಗುಡಿಸಲಿನವರಿಗೆ ಹಕ್ಕುಪತ್ರ ಕೊಡ್ತೀವಿ ಅಂದರು ಸರ್ಕಾರದವರು, ಕೊಡಲಿಲ್ಲ. ನಲ್ಲಿ ಹಾಕಿಸ್ತೀವಿ ಅಂದರು, ಅದೂ ಇಲ್ಲ. ಮಲ್ಲತ್ತಹಳ್ಳಿ ಕೆರೆ ಹತ್ತಿರ ಬದಲಿ ಜಾಗ ಅಂದವರು ಈಗ ಅಂಥ ಮಾತೇ ಆಡಿಲ್ಲ ಅಂತಾರೆ.

ಇವತ್ತು ಬೆಳಿಗ್ಗೆ ಪೊಲೀಸ್ ವ್ಯಾನಿನ ಜೊತೆ ಬಂದವನೊಬ್ಬ ಪ್ರತಿ ಬಾಗಿಲಿಗೂ ಸುಣ್ಣದಲ್ಲಿ ಗುರುತು ಹಾಕಿದ. "ಏನಪ್ಪಾ, ಮದುವೆ ಮನೆ ಅಂತ ಸುಣ್ಣ ಬಳೀತಿದೀಯಾ?" ಅಂದಳು ಇಡ್ಲಿ ಮಾರುವ ಹನುಮಕ್ಕ. ಅವನು ಮುಂದಿನ ಬಾಗಿಲಿಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಮೂರು ಮನೆಯವರು ಗಂಟು ಕಟ್ಟಿಕೊಂಡು ಹೊರಟೇಬಿಟ್ಟರು. ಅವರ ಮೈಮೇಲೆ ಯಾರೂ ಕೈ ಹಾಕಿರಲಿಲ್ಲ.

ನಮ್ಮ ಹೋರಾಟದ ಮೊದಲ ಕರಪತ್ರ ಬರೆದವನು ನೀನು. ಈಗ ಆಫ್ರಿಕಾದಲ್ಲಿ, ನೈಜರ್ ನದಿ ಬಯಲಿನ ಜೆನ್ನೆ ಊರಿನ ಹಳೇ ದಿಬ್ಬ ಅಗೀತಿದೀಯ. ಸಾವಿರ ವರ್ಷ ಬಾಳಿದ ಪಟ್ಟಣ, ಜನ ಯಾಕೆ ಬಿಟ್ಟು ಹೋದರೋ ಗೊತ್ತಾಗ್ತಿಲ್ಲ ಅಂತ ನೀನೇ ಬರೆದಿದ್ದೆ. ಇಲ್ಲಿ ಬಂದು ನೋಡು ಕಣಯ್ಯ. ಹೋದವರು ಪಾತ್ರೆ ಒಯ್ದರು, ಒಲೆ ಬಿಟ್ಟರು. ಮುಂದೆ ಅಗೆಯುವವರಿಗೆ ಒಲೆ ಸಿಗುತ್ತೆ, ಬಾಗಿಲಿನ ಸುಣ್ಣ ಸಿಗಲ್ಲ.

ಈ ಪತ್ರ ಕಳಿಸಲ್ಲ. ಕಳಿಸಿಯೂ ನೀನು ಬರದಿದ್ದರೆ, ನೀನೂ ನಮ್ಮನ್ನ ಬಿಟ್ಟು ಹೋದೆ ಅಂತ ನಾನು ತಿಳ್ಕೋಬೇಕಾಗುತ್ತೆ.

ಸೋಮವಾರ ಬುಲ್ಡೋಜರ್ ಬರುತ್ತಂತೆ. ಉಳಿದವರ ಸಭೆ ಭಾನುವಾರ ಸಂಜೆ ಆರು ಗಂಟೆಗೆ, ಹನುಮಕ್ಕನ ಗುಡಿಸಲ ಮುಂದೆ.