ಟವೆಲು ಕೊಡವಿದ ಜಾಮೀನು

ಮಧುಗಿರಿ
೨೦-೫-೨೦೨೫

ಯುವರಾಜಣ್ಣನಿಗೆ,

ಜೈಭೀಮ್. ಅಪ್ಪ ಯಾವ ಕಾಗದವನ್ನೂ ಇದನ್ನು ಬರೆಯದೆ ಶುರು ಮಾಡುತ್ತಿರಲಿಲ್ಲ, ಅದಕ್ಕೆ ಬರೆದಿದ್ದೇನೆ. ನಿನ್ನ ಮೇಲಿನ ಗೌರವಕ್ಕಲ್ಲ. ಕ್ಷೇಮ ಸಮಾಚಾರ ಕೇಳುವ ಮನಸ್ಸೂ ಇಲ್ಲ. ಫೋನಿನಲ್ಲಾದರೆ ನಾನು ಎರಡು ಮಾತಾಡುವುದರೊಳಗೆ ನೀನು ಹತ್ತು ಆಡಿ ಕಟ್ ಮಾಡುತ್ತೀಯ. ಕಾಗದದ ನಡುವೆ ಬಾಯಿ ಹಾಕಲು ಆಗುವುದಿಲ್ಲವಲ್ಲ, ಪೂರ್ತಿ ಓದು.

ಮೊನ್ನೆ ಭಾನುವಾರ ಕ್ಯಾತಗಾನಚೆರ್ಲಿನಲ್ಲಿ ಅಮ್ಮನ ಮನೆಯ ಜಗಲಿ ಮೇಲೆ ನೀನು ಹಕ್ಕು ಬಿಡುಗಡೆ ಪತ್ರ ತಂದು ನನ್ನ ಮುಂದೆ ಇಟ್ಟೆ. ಅಪ್ಪ ಬಿಟ್ಟುಹೋದ ಹೊಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿದೆ, ವರ್ಷಾವರ್ಷ ಬಾಡಿಗೆ ಬರುತ್ತದೆ. ಅದರಲ್ಲಿ ನನ್ನ ಪಾಲು ಬೇಡ ಎಂದು ನಾನು ಬರೆದುಕೊಡಬೇಕಂತೆ. "ಹೆಣ್ಮಕ್ಳೆಲ್ಲ ಅಂಗೇ ಬರ್ಕೊಡೋದು, ನೀನೇನು ಮೇಲಿಂದ ಇಳಿದು ಬಂದಿದ್ದೀಯೇನಮ್ಮ" ಅಂದೆ. ನಾನು ಆಗುವುದಿಲ್ಲ ಅಂದೆ. ಆಗ ನೀನು ಎದ್ದು ನಿಂತೆ. ಹೆಗಲ ಮೇಲಿನ ಟವೆಲು ತೆಗೆದು ಬೀದಿಯವರೆಲ್ಲರ ಮುಂದೆ ಕೊಡವಿದೆ. "ನಾಳೆ ಬಿಟ್ಟು ಬರೋ ಸೋಮವಾರ ಪಾವಗಡದ ರಿಜಿಸ್ಟರ್ ಆಫೀಸಿಗೆ ಬಂದು ಸಹಿ ಹಾಕು. ಇಲ್ಲಾಂದ್ರೆ ನಿನ್ನ ಕಾರಿಗೆ ನಿಂತಿರೋ ಜಾಮೀನು ವಾಪಸ್ ತಗಂಬುಡ್ತೀನಿ. ಬ್ಯಾಂಕ್ನೋರು ಬಂದು ಎಳ್ಕಂಡೋಗ್ಲಿ" ಅಂದೆ. ಕೊರಟಗೆರೆಯ ಕಚೇರಿಯಲ್ಲಿ ಇಸ್ತ್ರಿ ಷರಟು ಹಾಕಿ ಕೂರುವ ನೀನು ಅವತ್ತು ಯಾಕೆ ಟವೆಲು ಹಾಕಿಕೊಂಡು ಬಂದಿದ್ದೆ ಎಂದು ನನಗೆ ಆಮೇಲೆ ಹೊಳೆಯಿತು.

ಅಮ್ಮ ನಿನ್ನ ಕಡೆಗೇ ಮಾತಾಡಿದಳು. "ಒಂದು ಸಹಿ ತಾನೇ ಕಣಮ್ಮ, ಹಾಕ್ಬುಡು. ನಾಳೆ ನಾನು ಸತ್ರೆ ನಿನ್ನ ತವರಿಗೆ ಕರೆಯೋನು ಅವ್ನೇ ಅಲ್ವಾ" ಅಂದಳು. ಅದು ನಿನ್ನ ಟವೆಲಿಗಿಂತ ಜಾಸ್ತಿ ನೋಯಿಸಿತು. ಮಧುಗಿರಿಗೆ ಹೇಗೆ ಗಾಡಿ ಓಡಿಸಿಕೊಂಡು ಬಂದೆನೋ ನನಗೇ ತಿಳಿಯದು.

ಕಾರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನೀನು ಅದನ್ನು ಊರೆಲ್ಲ ನಿನಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗುತ್ತಿದ್ದೀಯ. ನಂದೀಶ್ವರಯ್ಯನವರ ಬಾಡಿಗೆ ಕಾರನ್ನು ನಾನು ಸಂಬಳಕ್ಕೆ ಓಡಿಸುತ್ತಿದ್ದೆ. ಸ್ವಂತದ್ದು ತೆಗೆದುಕೊಳ್ಳೋಣ ಎಂದು ಬ್ಯಾಂಕಿಗೆ ಹೋದರೆ, ನಿಮ್ಮ ಹೆಸರಿಗೆ ಸಿಬಿಲ್ಲೇ ಇಲ್ಲವಲ್ಲ, ಸಾಲ ಮಾಡಿ ತೀರಿಸಿದ ದಾಖಲೆಯೇ ಇಲ್ಲ ಎಂದರು. ನನಗೆ ಅವಮಾನವಾಯಿತು. ಯಾರ ಹತ್ತಿರವೂ ಕೈ ಚಾಚದೆ, ಕೈಗೆ ಬಂದ ಸಂಬಳದಲ್ಲೇ ಬದುಕಿದವಳ ಬಗ್ಗೆ ಬ್ಯಾಂಕಿಗೆ ಏನೂ ಗೊತ್ತಿಲ್ಲವಂತೆ. ಸಾಲ ಮಾಡಿದವನನ್ನು ನಂಬುತ್ತಾರೆ, ಮಾಡದವಳನ್ನು ನಂಬುವುದಿಲ್ಲ. ಸಂಬಳದ ನೌಕರರು ಯಾರಾದರೂ ಜಾಮೀನು ನಿಲ್ಲಲಿ ಎಂದರು. ನಿನ್ನನ್ನು ಕೇಳಿದೆ, ನೀನು ನಿಂತೆ. ಅದನ್ನು ನಾನು ಇಲ್ಲ ಅನ್ನುವುದಿಲ್ಲ.

ಆದರೆ ಕಾರು ಮನೆಗೆ ಬಂದ ದಿನದಿಂದ ಅದು ನೀನು ಕೊಡಿಸಿದ ಕಾರಾಯಿತು. ಅತ್ತಿಗೆಯ ತವರಿನವರು ಸಿದ್ದರಬೆಟ್ಟಕ್ಕೆ ಹೋಗಬೇಕೆಂದರೆ ನನ್ನ ಕಾರು. ನಿನ್ನ ಸಾಹೇಬರ ಮಗಳ ಮದುವೆಗೆ ಶಿರಾದಿಂದ ಬ್ಯಾಂಡಿನವರನ್ನು ಕರೆತರಲು ನನ್ನ ಕಾರು. ಡೀಸೆಲ್ ಹಾಕಿಸು ಎಂದದ್ದಕ್ಕೆ "ಜಾಮೀನು ನಿಂತೋನಿಗೆ ಡೀಸೆಲ್ ಲೆಕ್ಕ ಹೇಳ್ತೀಯಾ" ಅಂತ ನಕ್ಕೆ. ಖಾಯಂ ಗಿರಾಕಿಗಳನ್ನು ನಡುದಾರಿಯಲ್ಲಿ ಕೈಬಿಟ್ಟು ನಿನ್ನ ನೆಂಟರನ್ನು ಹೊತ್ತಿದ್ದೇನೆ. ಕಂತು ಮಾತ್ರ ನನ್ನ ದುಡಿಮೆಯದ್ದು, ಒಂದು ದಿನವೂ ತಡ ಮಾಡಿದವಳಲ್ಲ ನಾನು.

ಸತ್ಯ ಹೇಳುತ್ತೇನೆ, ನಿನ್ನ ಬೆದರಿಕೆಗೆ ನಾನು ಹೆದರಿದೆ. ನಮ್ಮೂರಲ್ಲಿ ಜಾಮೀನು ಅಂದರೆ ಹಾಗೇ ತಾನೇ? ಕದಿರಯ್ಯ ಮಾವ ಯಾರಿಗೋ ಕುರಿ ಕೊಡಿಸಿ ಜಾಮೀನು ನಿಲ್ಲುತ್ತಿದ್ದ. ಮನಸ್ತಾಪ ಬಂತೆಂದರೆ ಕಟ್ಟೆ ಮೇಲೆ ಹಿರಿಯರ ಮುಂದೆ ಟವೆಲು ಕೊಡವಿ, ಇವತ್ತಿಗೆ ನನ್ನ ಜಾಮೀನು ಮುಗೀತು ಅನ್ನುತ್ತಿದ್ದ. ಕುರಿ ಸಂಜೆಯೊಳಗೆ ಕೊಟ್ಟವನ ಹಟ್ಟಿಗೆ ವಾಪಸ್ಸು. ಅದನ್ನು ನೋಡಿಕೊಂಡೇ ಬೆಳೆದವರು ನಾವಿಬ್ಬರೂ. ಸರ್ಕಾರಿ ಕಚೇರಿಯಲ್ಲಿ ಕೂತು ಊರವರ ಅರ್ಜಿ ತಿದ್ದುವ ನಿನಗೂ ಅದಕ್ಕಿಂತ ಹೆಚ್ಚು ಗೊತ್ತಿಲ್ಲ ಎಂದು ತಿಳಿದದ್ದು ನಿನ್ನೆ.

ನಿನ್ನೆ ಬೆಳಿಗ್ಗೆ ಬ್ಯಾಂಕಿಗೆ ಹೋದೆ. ಅಲ್ಲಿ ಸಾಲದ ವಿಭಾಗದಲ್ಲಿ ಅನುಷಾ ಅಂತ ಇದ್ದಾರೆ. ನಮ್ಮಣ್ಣ ಟವೆಲು ಕೊಡವಿಬಿಟ್ಟ ಮೇಡಂ, ಕಾರು ಯಾವತ್ತು ಒಯ್ಯುತ್ತೀರಿ ಎಂದು ಕೇಳಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ನಗು ತಡೆಯಲಾಗಲಿಲ್ಲ. ಸಾಲ ತೀರುವ ತನಕ, ಇಲ್ಲವೇ ಬ್ಯಾಂಕು ಒಪ್ಪಿ ಬಿಡುವ ತನಕ, ನಿನ್ನ ಸಹಿ ಅಲ್ಲಿಂದ ಅಲುಗುವುದಿಲ್ಲವಂತೆ. ನೀನು ಟವೆಲು ಕೊಡವು, ಪಂಚೆ ಕೊಡವು, ಅವರು ಕೇಳುವುದಿಲ್ಲ. ನಾನು ಕಟ್ಟದಿದ್ದರೆ ನಿನ್ನ ಬಾಗಿಲಿಗೆ ಬರುತ್ತಾರೆ, ನನ್ನ ಹೆಸರು ಕೆಟ್ಟರೆ ನಿನ್ನದೂ ಜೊತೆಗೆ ಕೆಡುತ್ತದೆ. ಹಗ್ಗ ನನ್ನ ಕೊರಳಲ್ಲಿದೆ, ತುದಿ ನಿನ್ನ ಕೈಯಲ್ಲಿದೆ ಎಂದು ನಾವಿಬ್ಬರೂ ತಿಳಿದಿದ್ದೆವು. ಇನ್ನೊಂದು ತುದಿ ನಿನ್ನ ಕೊರಳಿಗೇ ಕಟ್ಟಿದೆಯಣ್ಣ.

ಇನ್ನೊಂದು ಮಾತು, ಇದನ್ನು ನುಂಗಿಕೊಳ್ಳಲು ನನ್ನಿಂದ ಆಗುತ್ತಿಲ್ಲ. ಹೋದ ತಿಂಗಳು ಹದಿನಾಲ್ಕನೇ ತಾರೀಕು ಪಾವಗಡದಲ್ಲಿ ಮೈಕು ಹಿಡಿದು ಏನು ಹೇಳಿದೆ? ಹೆಣ್ಣುಮಕ್ಕಳ ಆಸ್ತಿ ಹಕ್ಕಿಗಾಗಿ ಬಾಬಾಸಾಹೇಬರು ಮಂತ್ರಿಗಿರಿಯನ್ನೇ ಬಿಟ್ಟುಬಂದರು ಎಂದು ಹೇಳಿ ಚಪ್ಪಾಳೆ ಹೊಡೆಸಿಕೊಂಡೆ. ನಾನೂ ಹೊಡೆದೆ, ಮುಂದಿನ ಸಾಲಿನಲ್ಲೇ ಕೂತಿದ್ದೆ. ಆ ಹೊತ್ತಿಗೆ ನೀನು ಈ ಹಕ್ಕು ಬಿಡುಗಡೆ ಪತ್ರ ಬರೆಸಲು ಕೊಟ್ಟಾಗಿತ್ತು ಎಂದು ಅತ್ತಿಗೆಯೇ ಬಾಯಿ ಬಿಟ್ಟಿದ್ದಾರೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಅಪ್ಪ ಓಬಳಯ್ಯ ಮಗಳಿಗೆ ಯಶೋಧರಾ ಎಂದು ಹೆಸರಿಟ್ಟದ್ದು, ಆ ಹೊಲದಲ್ಲಿ ನಿನ್ನ ಜೊತೆ ನನ್ನ ಕೈಲೂ ಕಡಲೆಕಾಯಿ ಕೀಳಿಸಿದ್ದು, ಕೊನೆಗೆ ನಾನು ಬರಿಗೈಯಲ್ಲಿ ನಡೆಯಲಿ ಎಂದಲ್ಲ.

ಸೋಮವಾರ ನಾನು ಪಾವಗಡಕ್ಕೆ ಬರುವುದಿಲ್ಲ. ಆ ಸೋಮವಾರ ಮಾತ್ರ ಅಲ್ಲ, ಯಾವ ಸೋಮವಾರವೂ. ನಿನ್ನ ನೆಂಟರಿಗೆ ಬೇರೆ ಗಾಡಿ ನೋಡಿಕೋ. ಅಮ್ಮನನ್ನು ಮುಂದೆ ಬಿಟ್ಟು ಅಳಿಸಬೇಡ. ಅವಳು ಅತ್ತರೆ ನಾನು ಮೆತ್ತಗಾಗುತ್ತೇನೆ ಎಂದು ನಿನಗೆ ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ.

ನಿನ್ನ ತಂಗಿ, ಹೊಲದಲ್ಲಿ ನಿನ್ನಷ್ಟೇ ಪಾಲುದಾರಳು,
ಯಶೋಧರಾ

ತಾ.ಕ.: ಒಂದು ದಿನವೂ ತಡ ಮಾಡಿದವಳಲ್ಲ ಎಂದು ಮೇಲೆ ಬರೆದದ್ದು ನಿನ್ನೆ ಮಧ್ಯಾಹ್ನದವರೆಗೆ ನಿಜ. ಕಂತಿನ ಹಣ ನಿನ್ನೆ ನನ್ನ ಖಾತೆಯಿಂದ ತಾನಾಗಿ ಕಡಿತವಾಗಬೇಕಿತ್ತು. ಅನುಷಾ ಅವರ ಮಾತು ಕೇಳಿ ಹೊರಗೆ ಬಂದವಳು ಖಾತೆಯಲ್ಲಿದ್ದ ಹಣವನ್ನೆಲ್ಲ ತೆಗೆದುಬಿಟ್ಟೆ. ದುಡ್ಡು ನನ್ನ ಬೀರುವಿನಲ್ಲೇ ಇದೆ. ನಿನ್ನ ಮನೆ ಸಾಲದ ಅರ್ಜಿ ಇದೇ ತಿಂಗಳು ಬ್ಯಾಂಕಿನ ಮುಂದಿದೆ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ಮಾಡಿದೆ. ಇದರಿಂದ ನನ್ನ ಹೆಸರಿಗೂ ಮಸಿ ಬೀಳುತ್ತದೆ, ಹೋಗಲು ವರ್ಷಗಳೇ ಬೇಕಂತೆ. ಬ್ಯಾಂಕು ನನ್ನ ಬಗ್ಗೆ ಮೊದಲ ಸಲ ಒಳ್ಳೆಯದೇನೋ ಬರೆದುಕೊಂಡಿತ್ತು, ಅದನ್ನು ನಾನೇ ಕೆಡಿಸಿದೆ. ರಾತ್ರಿಯೆಲ್ಲ ಅತ್ತೆ, ಆದರೂ ಹಣ ವಾಪಸ್ ಹಾಕಿಲ್ಲ. ಬ್ಯಾಂಕಿನವರು ನಿನಗೆ ಫೋನ್ ಮಾಡಿದಾಗ ಅವರ ಮುಂದೆಯೂ ಒಂದು ಸಲ ಟವೆಲು ಕೊಡವಿ ನೋಡು.