ಫೋನಿಗೆ ಕಾಣದ ಮನೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಈ ಕಾಗದ ನಿನಗೆ ಒಗೆದ ಬಟ್ಟೆಯ ಚೀಲದಲ್ಲಿ, ಟವೆಲಿನ ಮಡಿಕೆಯೊಳಗೆ ಸಿಗುತ್ತದೆ. ಕೂತು ಓದು. ಯಾರಿಗೂ ಜ್ವರವಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಗುಬ್ಬಿ ಹೊಟ್ಟೆ ತುಂಬ ಉಂಡು ಮಂಚದ ಮೇಲೆ ಅಡ್ಡಡ್ಡ ಮಲಗಿದ್ದಾಳೆ. ಮಗಳು ನಿನ್ನದು, ಮಲಗುವ ರೀತಿ ಮಾತ್ರ ನನ್ನದು.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಆ ಫೋನೇ ಅಕ್ಕಾ ಇಲ್ಲಿಯ ಕಳ್ಳ. ನೀನು ಆಸ್ಪತ್ರೆಯ ಹಾಸ್ಟೆಲಿಗೆ ಹೋದಾಗಿನಿಂದ ನಮ್ಮ ಮನೆ ಎಂದು ನೋಡುತ್ತಿರುವುದು ಒಂದು ಮೂಲೆಯನ್ನು. ಹಸಿರು ಪರದೆ, ಅದರ ಪಕ್ಕ ಒಂದು ಹೂವಿನ ಕುಂಡ, ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಭಾವ. ಅಂಗಿಯ ಕೆಳಗೆ ವಾರದ ಹಿಂದಿನ ಪೈಜಾಮ ಇರುತ್ತದೆ, ಅದು ನಿನಗೆ ಕಾಣುವುದಿಲ್ಲ. ನಿನ್ನ ಕರೆ ಬರುವ ಮುಂಚೆ ಅಷ್ಟು ಜಾಗವನ್ನು ಮಾತ್ರ ಗುಡಿಸಿ, ಗುಬ್ಬಿಯ ತಲೆ ಬಾಚಿ, "ನಗು ಕಂದ, ಅಮ್ಮ ನೋಡ್ತಾಳೆ" ಅನ್ನುತ್ತಿದ್ದರು. ಮಿಕ್ಕ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೋಪಿನ ನೀರಿನಲ್ಲಿ ನೆನೆದು ಕೊಳೆತ ತರಕಾರಿ, ತೊಳೆದು ಮತ್ತೆ ತೊಳೆಯಲಿಟ್ಟ ಪಾತ್ರೆ, ಬಿಸಿಲಿಗೆ ಹಾಕಿದ ಚಪ್ಪಲಿ. ನೀನು ಫೋನ್ ಇಟ್ಟ ಮೇಲೆ ಅವರು ಆ ಕುರ್ಚಿಯಲ್ಲೇ ಕಪ್ಪಾದ ಫೋನಿನ ಪರದೆ ನೋಡುತ್ತ ಕೂತುಬಿಡುತ್ತಿದ್ದರು.

ಭಾವನ ಜೊತೆ ಜಗಳವಾಡಿದೆ. ಅಕ್ಕನಿಗೆ ಹೇಳಿಬಿಡ್ತೀನಿ ಅಂದೆ.

"ಜನರ ಗಂಟಲಿಗೆ ಕೊಳವೆ ಹಾಕೋಳು ಅವಳು. ಮನೆ ಚಿಂತೆ ಹೊಕ್ಕು ಕೈ ನಡುಗಿದ್ರೆ ಯಾರದೋ ಜೀವ ಹೋಗುತ್ತೆ. ನೀನು ಬಾಯಿ ಮುಚ್ಕೊಂಡಿರು," ಅಂದರು.

"ಬಾಯಿ ಮುಚ್ಕೊಂಡಿರೋದು ಬಂದಿದ್ರೆ ನಾನು ಸ್ಕೂಲಲ್ಲೇ ಇರ್ತಿದ್ದೆ, ಭಾವ."

ಆದರೂ ಮುಚ್ಚಿಕೊಂಡಿದ್ದೆ. ಕಾಲಿಗೆ ಚಕ್ರ ಕಟ್ಟಿಕೊಂಡವಳು, ದಿನವಿಡೀ ಸ್ಕೂಟರಿನಲ್ಲಿ ಪಾರ್ಸೆಲ್ ಹಂಚುತ್ತ ಊರು ತಿರುಗುವವಳು, ಮನೆಯೊಳಗೆ ಕೊಳೆಯುವವರ ಕಷ್ಟ ನನಗೇನು ಗೊತ್ತು ಅಂದುಕೊಂಡೆ. ಲಾಕ್‌ಡೌನ್ ಬಂದು ಡ್ರೈವಿಂಗ್ ಸ್ಕೂಲ್ ಮುಚ್ಚಿದೆ, ಭಾವನಿಗೆ ಕೆಲಸವಿಲ್ಲ, ಬೇಸರ ಅಷ್ಟೇ ಅಂದುಕೊಂಡೆ.

ಅಷ್ಟೇ ಆಗಿರಲಿಲ್ಲ. ನೀನು ಕಳಿಸಿದ ಮೈಲಿಗೆ ಬಟ್ಟೆಯ ಚೀಲದ ಗಂಟು ಒಂದು ದಿನ ಅವರ ಕೈಯಲ್ಲಿ ಬಿಚ್ಚಿಹೋಯಿತು. ರೋಗ ತಮಗೆ ಅಂಟಿತು ಎಂದು ಅವತ್ತೇ ತೀರ್ಮಾನ ಮಾಡಿಬಿಟ್ಟರು. ಪರೀಕ್ಷೆ ಮಾಡಿಸಿದರು, ಏನೂ ಇಲ್ಲ ಅಂತ ಬಂತು. ಪರೀಕ್ಷೆಯೇ ತಪ್ಪು ಅಂದರು. ಥರ್ಮಾಮೀಟರ್ ಪೆನ್ನಿನ ಹಾಗೆ ಜೇಬಿಗೆ ಬಂತು. ಗುಬ್ಬಿ ಕೈ ಚಾಚಿಕೊಂಡು ಓಡಿ ಬಂದರೆ ಹಾವು ಕಂಡವರ ಹಾಗೆ ಕುರ್ಚಿ ಹತ್ತಿ, "ಬರಬೇಡ! ಅಲ್ಲೇ ನಿಲ್ಲು!" ಎಂದು ಕಿರುಚುತ್ತಿದ್ದರು. ಅವಳು ಮೊದಮೊದಲು ಆಟ ಅಂದುಕೊಂಡು ಕೇಕೆ ಹಾಕುತ್ತಿದ್ದಳು. ಆಮೇಲೆ ಓಡಿ ಬರುವುದನ್ನೇ ಬಿಟ್ಟಳು.

ಒಂದು ಬೆಳಿಗ್ಗೆ ನೋಡುತ್ತೇನೆ, ಬಚ್ಚಲಲ್ಲಿ ಗುಬ್ಬಿ ಸ್ಟೂಲಿನ ಮೇಲೆ ನಿಂತು ಮೊಣಕೈವರೆಗೆ ಸೋಪು ಬಳಿದುಕೊಂಡು ಉಜ್ಜುತ್ತಿದ್ದಾಳೆ. "ಚಿಕ್ಕಿ, ಇನ್ನೂ ಎಷ್ಟು ತೊಳೆದ್ರೆ ನಾನು ಕ್ಲೀನ್ ಆಗ್ತೀನಿ? ಅಪ್ಪ ಎತ್ಕೋಬೇಕು," ಅಂದಳು. ಭಾವ ಬಾಗಿಲ ಹತ್ತಿರ ಇದ್ದರು. ಕೇಳಿಸಿತು. ಅವಳ ಕೈಯ ಸೋಪು ತೊಳೆದು ನಾನೇ ಎತ್ತಿಕೊಂಡೆ.

ನಿಮ್ಮ ಆಸ್ಪತ್ರೆಯವರು ಡಾಕ್ಟರುಗಳ ಗಂಡಂದಿರಿಗೂ ಹೆಂಡತಿಯರಿಗೂ ಎಂದು ವಿಡಿಯೋ ಕರೆಯಲ್ಲೇ ಒಂದು ಗುಂಪು ಮಾತುಕತೆ ಇಟ್ಟಿದ್ದಾರಲ್ಲ, ಕೌನ್ಸೆಲರ್ ಕೂಡ ಇರುತ್ತಾರೆ. ಭಾವನಿಗೆ ಅದಕ್ಕೆ ಆಹ್ವಾನ ಬಂದು ಎಷ್ಟೋ ದಿನವಾಗಿತ್ತು. "ಅದೆಲ್ಲ ಅಳುಬುರುಕರಿಗೆ," ಎಂದು ಬಿಟ್ಟಿದ್ದರು. ಅವತ್ತು ಮಧ್ಯಾಹ್ನ ಸೇರಿಕೊಂಡರು. ಹಸಿರು ಪರದೆಯ ಮುಂದೆ ಕೂರಲಿಲ್ಲ. ಅಡುಗೆಮನೆಯ ನೆಲದ ಮೇಲೆ, ಆ ಪಾತ್ರೆಗಳ ರಾಶಿಯ ನಡುವೆ, ಕ್ಯಾಮೆರಾ ಹಾಕಿಕೊಂಡೇ ಕೂತರು. ಎದ್ದು ಹೋಗಲಾ ಅಂತ ಕೇಳಿದೆ. ಇರು ಅಂದರು. ಹಾಗಾಗಿ ಕದ್ದು ಕೇಳಿಸಿಕೊಳ್ಳುವ ಕಷ್ಟ ನನಗೆ ತಪ್ಪಿತು.

ಒಬ್ಬೊಬ್ಬರಾಗಿ ಎಲ್ಲರೂ ಒಂದೇ ಮಾತು ಹೇಳಿದರು. ಚೆನ್ನಾಗಿದ್ದೀವಿ, ನಮ್ಮನೆಯವರು ಅಲ್ಲಿ ಅಷ್ಟು ಕಷ್ಟಪಡುವಾಗ ನಮ್ಮದೇನು ಮಹಾ. ಭಾವನ ಸರದಿ ಬಂತು.

"ನಾನು ಚೆನ್ನಾಗಿಲ್ಲ," ಅಂದರು. "ನಾನು ಕಾರು ಕಲಿಸೋನು. ಬೇರೆಯವರು ಓಡಿಸ್ತಾರೆ, ನಾನು ಪಕ್ಕದಲ್ಲಿ ಕೂತಿರ್ತೀನಿ, ಆದ್ರೆ ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತೆ. ಅದೊಂದು ಇದ್ರೆ ಎಂಥ ರಸ್ತೇಲೂ ಹೆದರಿಕೆ ಇಲ್ಲ. ಈಗ ನನ್ನ ಹೆಂಡತಿ ಹೋಗ್ತಿರೋ ರಸ್ತೇಲಿ ನನ್ನ ಕಾಲ ಕೆಳಗೆ ಏನೂ ಇಲ್ಲ. ಬರೀ ನೆಲ ಒತ್ತುತಾ ಕೂತಿದ್ದೀನಿ. ಮಗಳನ್ನ ಮುಟ್ಟೋಕೆ ಹೆದರಿಕೆ ಆಗುತ್ತೆ."

ಆಮೇಲೆ ನಿಮ್ಮ ಆಸ್ಪತ್ರೆಯ ಮಕ್ಕಳ ಡಾಕ್ಟರ ಹೆಂಡತಿ ಇದ್ದಾರಲ್ಲ, ಅವರು, "ಅಬ್ಬಾ, ಸದ್ಯ! ಒಬ್ಬರಾದ್ರೂ ಬಾಯಿಬಿಟ್ರಲ್ಲ ಪುಣ್ಯಾತ್ಮ! ನಾನು ದಿನಾ ನಲ್ಲಿ ಬಿಟ್ಕೊಂಡು ಅಳ್ತೀನಿ ಕಣ್ರೀ. ನಮ್ಮತ್ತೆ, 'ಏನಮ್ಮ, ಇಷ್ಟು ಹೊತ್ತು ಸ್ನಾನ ಮಾಡಿಯೂ ಮುಖ ಬಾಡಿದೆಯಲ್ಲ' ಅಂತಾರೆ," ಅಂದರು. ಕೆಲವರು ನಕ್ಕರು. ನಗುತ್ತಲೇ ಯಾರೋ ಅಳತೊಡಗಿದರು. ಆಮೇಲೆ ಒಬ್ಬರೂ ಚೆನ್ನಾಗಿರಲಿಲ್ಲ! ಒಬ್ಬರಿಗೆ ನಿದ್ದೆಯಿಲ್ಲ, ಒಬ್ಬರಿಗೆ ಫೋನ್ ಸದ್ದಾದರೆ ಎದೆ ಹಾರುತ್ತದೆ, ಒಬ್ಬರು ಗಂಡನ ಮೇಲೆ ಸಿಟ್ಟು ಬಂದು, ಸಿಟ್ಟು ಬಂದದ್ದಕ್ಕೆ ನಾಚಿ ಸಾಯುತ್ತಿದ್ದರು.

ಅಕ್ಕಾ, ಬೀದಿಯವರೆಲ್ಲ ಬಾಲ್ಕನಿಗೆ ಬಂದು ನಿಮಗಾಗಿ ಚಪ್ಪಾಳೆ ತಟ್ಟಿದ ದಿನ ನಾನೂ ಅಂಗೈ ಕೆಂಪಾಗುವ ಹಾಗೆ ತಟ್ಟಿದ್ದೆ. ನನ್ನಕ್ಕ ಎಂದು ಎದೆ ಉಬ್ಬಿತ್ತು. ಆದರೆ ನೆಲದ ಮೇಲೆ ಕೂತಿದ್ದ ಈ ಮನುಷ್ಯನನ್ನು ನೋಡಿ ಉಬ್ಬಿದ್ದು ಅದಕ್ಕಿಂತ ಹೆಚ್ಚು. ಸುಳ್ಳು ಯಾಕೆ ಹೇಳಲಿ. ಅಲ್ಲೇ ಚಪ್ಪಾಳೆ ತಟ್ಟಿದೆ. "ಹುಚ್ಚಿ, ಮೈಕ್ ಆನ್ ಇದೆ!" ಎಂದು ಗದರಿದರು.

ಈಗ ಕೌನ್ಸೆಲರ್ ಅವರ ಜೊತೆ ಬೇರೆಯಾಗಿಯೂ ಮಾತಾಡುತ್ತಾರೆ. ಥರ್ಮಾಮೀಟರನ್ನು ಭಾವ ತಾವಾಗಿ ನನ್ನ ಕೈಗೆ ಕೊಟ್ಟರು. ಅವತ್ತು ಸಂಜೆ ಗುಬ್ಬಿಯನ್ನು ಎತ್ತಿಕೊಂಡರು. ಮುಖ ಆಚೆ ತಿರುಗಿಸಿಕೊಂಡೇ ಇದ್ದರು, ಆದರೂ ಇಳಿಸಲಿಲ್ಲ. ಅವಳು ಅವರ ಕಿವಿ ಹಿಡಿದುಕೊಂಡು ಮನೆಯೆಲ್ಲ ಸವಾರಿ ಮಾಡಿದಳು. ಅಲ್ಲಿಂದೀಚೆಗೆ ಎಲ್ಲ ಸರಿಹೋಗಿದೆ.

ಕೆಲಸ ಬಿಟ್ಟು ಓಡಿ ಬರಬೇಡ. ಯಾರೂ ಅದನ್ನು ಕೇಳುತ್ತಿಲ್ಲ. ಮುಂದಿನ ಸಲ ಕರೆ ಮಾಡಿದಾಗ ಭಾವನನ್ನು ಹೇಗಿದ್ದೀರಿ ಎಂದು ಕೇಳಿ ಸುಮ್ಮನೆ ಉತ್ತರಕ್ಕೆ ಕಾಯು. ಫೋನಿನಲ್ಲಿ ನಿನ್ನ ಹಿಂದೆಯೂ ಯಾವಾಗಲೂ ಒಂದೇ ಬಿಳಿ ಗೋಡೆ ಕಾಣುತ್ತದೆ. ಪಾಠ ತಲೆಗೆ ಹತ್ತದಿದ್ದರೂ ಕಣ್ಣು ನನಗೂ ಕಾಣುತ್ತದೆ.

ನಿನ್ನ ಬಗ್ಗೆಯೂ ಜಂಬಪಡುವ ತಂಗಿ,
ಚಕ್ರ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಕಾಗದ ಮಡಚುವಾಗ ಭಾವ ಬಂದು ಕೈಯಿಂದ ತೆಗೆದುಕೊಂಡರು. ಹರಿದುಹಾಕುತ್ತಾರೆ ಅಂದುಕೊಂಡೆ. ಪೂರ್ತಿ ಓದಿ, "ಎಲ್ಲ ಸರಿಹೋಗಿದೆ ಅಂತ ಬರೆದಿದ್ದೀಯಲ್ಲ, ನಿನ್ನೆ ನಡೆದಿದ್ದು ಎಲ್ಲಿ?" ಅಂದರು. ನಿನ್ನೆ ಮತ್ತೆ ಹೆದರಿಕೆ ಬಂದು ಕೋಣೆಯ ಬಾಗಿಲು ಹಾಕಿಕೊಂಡಿದ್ದರು, ಗುಬ್ಬಿ ಹೊರಗೆ ಕೂತು ಕಾದಳು. ನಿನಗೆ ಸಂಕಟವಾಗುತ್ತದೆ ಎಂದು ನಾನೇ ನುಂಗಿಕೊಂಡಿದ್ದೆ. "ಬರಿ. ಅವಳು ಡಾಕ್ಟರು, ಒಂದೇ ದಿನಕ್ಕೆ ವಾಸಿಯಾಗಲ್ಲ ಅಂತ ಅವಳಿಗೆ ಗೊತ್ತಿರುತ್ತೆ," ಎಂದು ಪೆನ್ನು ಕೈಗಿಟ್ಟು, ನಾನು ಬರೆದು ಮುಗಿಸುವವರೆಗೆ ಪಕ್ಕದಲ್ಲೇ ಕೂತಿದ್ದಾರೆ.