ಇವರು ಕುಡಿದಿರಲಿಲ್ಲ, ಅಣ್ಣ

ಏಪ್ರಿಲ್ ೨೩, ಸಂಜೆ ಐದೂವರೆ

ಪ್ರೀತಿಯ ಅಣ್ಣನಿಗೆ ನಮಸ್ಕಾರ.

ಐದು ಗಂಟೆಗೆ ನೀರಿನ ಟ್ಯಾಂಕರಿನ ಹಾರ್ನ್ ಕೇಳಿ ಎದ್ದೆ. ಮೂರು ರಾತ್ರಿಯಿಂದ ಮಗು ಕಣ್ಣು ಮುಚ್ಚಲು ಬಿಟ್ಟಿಲ್ಲ. ಆಗತಾನೇ ಜೊಂಪು ಹತ್ತಿತ್ತು. ಹೆರಿಗೆಯಾದ ಮೇಲೆ ನಿನಗೆ ಎರಡು ಸಾಲು ಬರೆಯಲಾಗಲಿಲ್ಲ, ಕ್ಷಮಿಸು. ನಿನ್ನ ಫೋನು, ಇವರ ಫೋನು ಎರಡೂ ಆಫ್. ನಾನೇ ಬರೋಣವೆಂದರೆ ಮಗುವಿನ ಮೈಯೂ ಬಿಸಿ. ಡ್ರೈವರ್ ನೀರು ತುಂಬಿಸಿಕೊಂಡು ಏಳೂವರೆಗೆ ನಿಮ್ಮ ಕ್ಯಾಂಪಿನಲ್ಲಿರುತ್ತಾನೆ, ಅವನ ಕೈಯಲ್ಲೇ ಇದನ್ನು ಕೊಡುತ್ತಿದ್ದೇನೆ.

ಅವನು ನಗುನಗುತ್ತಲೇ ಹೇಳಿದ: "ಅಕ್ಕಾ, ನಿಮ್ಮ ಯಜಮಾನ್ರು ಹಾಡಹಗಲೇ ಹಾಕ್ಕೊಂಡ್ ಬಂದಿದ್ರು. ಟಾರಿನ ಮೇಲೇ ಡ್ಯಾನ್ಸು." ಇವರು ತೂರಾಡಿದರಂತೆ, ತೊದಲಿದರಂತೆ, ರೋಲರ್ ಮುಂದೆ ನಿಂತು ಅಂಗಿಯ ಅಳತೆ ಕೇಳಿದರಂತೆ, ವಾಂತಿ ಮಾಡಿಕೊಂಡರಂತೆ. ಮೇಸ್ತ್ರಿಯಾದ ನೀನು "ಇಳಿಯೋ ತನಕ ಬಿದ್ದಿರ್ಲಿ" ಎಂದು ತಗಡಿನ ಶೆಡ್ಡಿಗೆ ಹಾಕಿಸಿದೆಯಂತೆ. ಮೂರಕ್ಕೆ ಎದ್ದು ಕೂತರಂತೆ. ಆದರೂ ತಲೆ ಹಿಡಿದುಕೊಂಡೇ ಇದ್ದಾರೆ, ಬೆಳಗ್ಗೆಯಿಂದ ಮೂತ್ರಕ್ಕೂ ಹೋಗಿಲ್ಲ. ಶಿಕ್ಷೆ ಎಂದು ನಾಳೆ ಇಡೀ ದಿನ ಟಾರು ಹರಡಲು ನಿಲ್ಲಿಸುತ್ತೀಯಂತೆ.

ಅಣ್ಣ, ಕೆಮ್ಮಿನ ಔಷಧಿಗೇ ಮುಖ ಕಿವುಚುವ ಮನುಷ್ಯ ಇವರು. ಹನ್ನೆರಡು ವರ್ಷ ಫ್ಯಾನಿನ ಕೆಳಗೆ ಕೂತು ಬಟ್ಟೆ ಹೊಲಿದವರು. ನಿನ್ನ ಹತ್ತಿರ ಬಂದು ಇವತ್ತಿಗೆ ಮೂರು ದಿನ. ಹೊಸ ಮೈ ಬಿಸಿಲಿಗೆ ಒಗ್ಗಲು ವಾರ, ಹತ್ತು ದಿನ ಬೇಕು. ಟಾರಿನ ಬಿಸಿ ಮಾಲು ಆರಿದರೆ ಗಟ್ಟಿಯಾಗುತ್ತದೆ, ಒಂದು ಲೋಡು ಹರಡಿ ಮುಗಿಯುವವರೆಗೆ ಯಾರೂ ನೀರಿಗೆ ಹೋಗಕೂಡದು ಎನ್ನುವ ನಿನ್ನ ಕಾನೂನು ನನಗೆ ಗೊತ್ತು. ನಿನ್ನ ಮರ್ಯಾದೆಗೆಂದು ಇವರು ತುಟಿ ಪಿಟಕ್ಕೆನ್ನದೆ ನಿಂತಿರುತ್ತಾರೆ. ಬಿಸಿಲು ಹೊಡೆದವರಿಗೆ ಬುದ್ಧಿ ಮಂಕಾಗುತ್ತದೆ, ಮಾತು ತಪ್ಪುತ್ತದೆ. ಅದು ಅಮಲಲ್ಲ, ಜೀವಕ್ಕೆ ಬಂದ ಕುತ್ತು.

ಈ ಕಾಗದ ಮಡಚುವ ಮೊದಲೇ ಜೀಪು ತೆಗೆಸಿ ಇವರನ್ನು ಆಸ್ಪತ್ರೆಗೆ ಸೇರಿಸು. ಅಂಗಿ ಬಿಚ್ಚಿ, ಟ್ಯಾಂಕರಿನ ನೀರನ್ನೇ ಮೈತುಂಬ ಸುರಿ, ದಾರಿಯುದ್ದಕ್ಕೂ ಗಾಳಿ ಬೀಸು. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡ. ಉಳಿದವರಿಗೂ ನಾಳೆಯಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ನೀರು ಕೊಡು. ರಸ್ತೆ ಒಂದಿಷ್ಟು ಉಬ್ಬಿದರೆ ಯಾರ ಗಂಟೂ ಹೋಗುವುದಿಲ್ಲ.

ಅತ್ತಿಗೆಗೆ, ಮಕ್ಕಳಿಗೆ, ನಿನಗೆ ಒಳ್ಳೆಯದಾಗಲಿ.

ನಿನ್ನ ತಂಗಿ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಹರಿದೆ. ಅಪ್ಪ ಹೋದ ದಿನ, ಗೋದಾಮಿನಲ್ಲಿ ಮೂಟೆ ಹೊತ್ತು ಮಧ್ಯಾಹ್ನ ತೂರಾಡುತ್ತ ಮನೆಗೆ ಬಂದಾಗ, ನೀನು ಒಳಗಿಂದ "ವಾಸನೆ ಬರ್ತಿದ್ಯಾ ನೋಡೇ" ಎಂದೆ. ಜೊತೆಗೆ ಕಾಲೇಜಿನ ಗೆಳತಿಯರಿದ್ದರು, ನನಗೆ ನಾಚಿಕೆ. ಹತ್ತಿರಕ್ಕೂ ಹೋಗದೆ "ಹೂಂ, ಬರ್ತಿದೆ" ಅಂದುಬಿಟ್ಟೆ. ನನ್ನ ಮಾತು ನಂಬಿ ನೀನು ಅಪ್ಪನನ್ನು ಮಲಗಿಸಿ ಬಾಗಿಲು ಹಾಕಿದೆ. ಮುಂದಿನ ವರ್ಷ ಪ್ರಥಮ ಚಿಕಿತ್ಸೆಯ ತರಗತಿಯಲ್ಲಿ ಅಪ್ಪನಿಗಿದ್ದ ಲಕ್ಷಣಗಳನ್ನೇ ಒಂದೊಂದಾಗಿ ಬೋರ್ಡಿನ ಮೇಲೆ ಬರೆದರು. ಎಂಟು ವರ್ಷವಾಯಿತು, ನಿನಗೆ ಹೇಳುವ ಧೈರ್ಯ ಬರಲಿಲ್ಲ. ನನ್ನನ್ನು ಬೇಕಾದರೆ ಮನೆ ಮೆಟ್ಟಿಲು ಹತ್ತಿಸಬೇಡ, ಅಣ್ಣ. ಆದರೆ ಎಷ್ಟು ಹೊತ್ತಾದರೂ ಸರಿ, ಬೆಳಗಾಗುವ ಮೊದಲು ಫೋನ್ ಮಾಡಿ, ಇವರ ದನಿ ಒಂದು ಸಲ ಕೇಳಿಸು.